ಲಂಡನ್ ಪಾಟೀಲರ ಆಸ್ತಿ

ಬಾಗಲಕೋಟೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು 'ಪಾಟೀಲ್ರ' ಅಂತ ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ. ಉಳಿದವರು ಪಾಟೀಲರ ಬೀಗರು. ಇಂಥ ಊರಿಗೆ, ಲಂಡನ್ನಿನಲ್ಲಿ ವಾರಸುದಾರರೇ ಇಲ್ಲದೆ ಒಬ್ಬ ಪಾಟೀಲ ಸತ್ತಿದ್ದಾನೆ ಎಂದು ಇಮೇಲ್ ಕಳಿಸಿದವನ ಧೈರ್ಯ ಮೆಚ್ಚಬೇಕು. ಪಾಟೀಲನೊಬ್ಬ ವಾರಸುದಾರರಿಲ್ಲದೆ ಸಾಯುವುದುಂಟೇ? ಅವನಿಗೆ ನೆಗಡಿ ಬಂದಾಗಲೇ ಇಬ್ಬರು ಹೋಗಿ ಆಸ್ತಿಯ ಉತಾರ ತೆಗೆಸಿಟ್ಟಿರುತ್ತಾರೆ.

ಮೇಲ್ ಬಂದದ್ದು ನವನಗರದಲ್ಲಿರುವ ನಮ್ಮ ಕಾಕಾಗೆ. ಬರೆದವನು ದೊಡ್ಡ ಬ್ಯಾರಿಸ್ಟರ್ ಅಂತೆ. ವಿಳಾಸ ಮಾತ್ರ ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದ ಖಾತೆಯದು. ಅವನ ಕಕ್ಷಿದಾರ, ಎಂಜಿನಿಯರ್ ಪಾಟೀಲ, ಹೆಂಡತಿ ಮಕ್ಕಳ ಸಮೇತ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದಾನೆ. ಬ್ಯಾಂಕಿನಲ್ಲಿ ಒಂದು ಕೋಟಿ ಐದು ಲಕ್ಷ ಡಾಲರ್ ಬಿದ್ದಿದೆ. ನಿಮ್ಮ ಅಡ್ಡಹೆಸರೂ ಅದೇ, ನೀವೇ ಹತ್ತಿರದ ಸಂಬಂಧಿ ಅಂತ ತೋರಿಸಿಬಿಡೋಣ. ನಿಮಗೆ ಶೇಕಡಾ 60, ನನಗೆ 40. ಬೇಗ ಉತ್ತರಿಸಿ, ಯಾರಿಗೂ ಹೇಳಬೇಡಿ.

ಈ 'ತೋರಿಸಿಬಿಡೋಣ' ಇದೆಯಲ್ಲ, ಅಲ್ಲೇ ಇರುವುದು ಕಿತಾಪತಿ. ಸುಳ್ಳು ಹೇಳೋಣ ಬಾ ಅಂತ ಮೊದಲೇ ಕೈ ಹಿಡಿದು ಕರೆಯುತ್ತಾನೆ. ಆಮೇಲೆ ರೊಕ್ಕ ಹೋದರೂ ಪೊಲೀಸರ ಮುಂದೆ ಏನಂತ ಹೇಳುತ್ತೀರಿ?

ಕಾಕಾನ ತಲೆಯಲ್ಲಿ ಇದ್ಯಾವುದೂ ಇರಲಿಲ್ಲ. ನನಗೆ ಫೋನ್ ಮಾಡಿ, "ತಮ್ಮಾ, ನಮ್ಮ ಮುತ್ತ್ಯಾನ ತಮ್ಮ ಒಬ್ಬಾಂವ ಸಿಟ್ಟಿಲೆ ಮುಂಬಯಿಗೆ ಓಡಿಹೋಗಿದ್ದ, ಗೊತ್ತೈತಿಲ್ಲೋ?" ಎಂದರು. ಮುಂಬೈಗೆ ಓಡಿಹೋದ ಒಬ್ಬ ಅಜ್ಜ ನಮ್ಮ ಕಡೆ ಪ್ರತಿ ಮನೆಯಲ್ಲೂ ಇದ್ದಾನೆ. ಅವನನ್ನು ಮುಂಬೈಯಿಂದ ಲಂಡನ್ನಿಗೆ ಹಡಗು ಹತ್ತಿಸಲು ಕಾಕಾಗೆ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಸಾಕಾಯಿತು. ಮೇಲ್‌ನಲ್ಲಿ ನೋಡಿದರೆ ಅಜ್ಜನ ಹೆಸರಿಲ್ಲ, ಊರಿಲ್ಲ. ಕಾಕಾನ ಹೆಸರೂ ಇಲ್ಲ, 'ಪ್ರಿಯ ಪಾಟೀಲರೇ' ಅಷ್ಟೇ. ಖಾಲಿ ಜಾಗ ಬಿಡುವುದಷ್ಟೇ ಅವರ ಕೆಲಸ. ತುಂಬುವವರು ನಾವು.

ಯಾರಿಗೂ ಹೇಳಬೇಡಿ ಅಂದಿದ್ದರಿಂದ ಸಂಜೆಯೊಳಗೆ ಇಡೀ ಸೆಕ್ಟರಿಗೆ ಸುದ್ದಿ ಗೊತ್ತಾಯಿತು. ರಾತ್ರಿ ಊಟದ ಹೊತ್ತಿಗೆ ಜಮಖಂಡಿ ಅತ್ತಿಯ ಫೋನ್.

"ಅಣ್ಣಾ, ಲಂಡನ್ ಆಸ್ತಿ ಬಂದೈತಂತ. ನನ್ನ ಪಾಲೆಷ್ಟು?"

"ನಿನಗ್ಯಾಕ ಪಾಲು? ನನ್ನ ಮೇಲ್‌ಗೆ ಬಂದೈತಿ. ಇದು ಸ್ವಯಾರ್ಜಿತ."

"ಅಡ್ಡಹೆಸರು ನೋಡಿ ಕೊಟ್ಟಾರಂದ ಮ್ಯಾಲೆ ಅಪ್ಪನ ಕಡಿಂದ ಬಂದದ್ದು. ಪಿತ್ರಾರ್ಜಿತ. 2005ರಾಗ ಕಾಯ್ದೆ ತಿದ್ದ್ಯಾರ, ಹೆಣ್ಮಕ್ಕಳಿಗೂ ಸಮಪಾಲು. ವಕೀಲರನ್ನ ಕೇಳು."

ವಕೀಲರನ್ನೂ ಕೇಳಿದರು! ಇಳಕಲ್‌ನ ಸಣ್ಣ ಕಾಕಾ ಇನ್ನೂ ಮುಂದೆ ಹೋದ. ಬ್ಯಾರಿಸ್ಟರನಿಗೆ 40 ಜಾಸ್ತಿ ಆಯಿತು, 20ಕ್ಕೆ ಇಳಿಸಿ, ಇಲ್ಲದಿದ್ದರೆ ಸಹಿ ಹಾಕಬೇಡಿ ಎಂದ. ಇಲ್ಲದ ದುಡ್ಡಿಗೆ ಹಂಚಿಕೆ ಶುರುವಾಗಿ ಮೂರು ಮನೆಗಳ ನಡುವೆ ಮಾತು ನಿಂತುಹೋಯಿತು. ವಂಚಕನಿಗೆ ಇನ್ನೂ ಒಂದು ರೂಪಾಯಿಯೂ ಸಿಕ್ಕಿರಲಿಲ್ಲ, ಪಾಪ.

ಇದೇನು ಹೊಸ ವಿದ್ಯೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ 'ಸ್ಪೇನಿನ ಜೈಲಿನಲ್ಲಿ ಒಬ್ಬ ಶ್ರೀಮಂತ ಸಿಕ್ಕಿಬಿದ್ದಿದ್ದಾನೆ, ಬಿಡಿಸಲು ಸ್ವಲ್ಪ ಹಣ ಕೊಡಿ, ನಿಧಿಯಲ್ಲಿ ಪಾಲು ಕೊಡುತ್ತಾನೆ' ಅಂತ ಯುರೋಪಿನಲ್ಲಿ ಕಾಗದ ಓಡಾಡುತ್ತಿದ್ದವು. ಆಮೇಲೆ ಇದಕ್ಕೆ 419 ಎಂಬ ಹೆಸರು ಬಿತ್ತು. ಅದು ನೈಜೀರಿಯಾದ ಅಪರಾಧ ಸಂಹಿತೆಯಲ್ಲಿ ವಂಚನೆಯ ಕಲಮು. ನಮ್ಮ 420ಕ್ಕೆ ಒಂದೇ ಕಡಿಮೆ. ಈಗ ನಮ್ಮ 420 ಕೂಡ ಹೋಗಿ, 2024ರ ಜುಲೈಯಿಂದ ನ್ಯಾಯ ಸಂಹಿತೆಯ 318 ಆಗಿದೆ. ಆದರೆ ಯಾರನ್ನಾದರೂ 'ಅವ ದೊಡ್ಡ 318' ಅಂತ ಬೈದು ನೋಡಿ, ಕೇಳಿದವರು ಬಸ್ ನಂಬರ್ ಅಂದುಕೊಳ್ಳುತ್ತಾರೆ.

ಇಷ್ಟು ಹಳೆಯ, ಇಷ್ಟು ಪೆದ್ದು ಕಥೆಯನ್ನು ಅವರು ಯಾಕೆ ಬದಲಿಸುವುದಿಲ್ಲ? 2012ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಕ್ ಹರ್ಲಿ ಇದಕ್ಕೊಂದು ಉತ್ತರ ಬರೆದರು. ಕಥೆ ಪೆದ್ದಾಗಿದ್ದರೇ ಅವರಿಗೆ ಲಾಭ. ಮೇಲ್ ಕಳಿಸಲು ಖರ್ಚಿಲ್ಲ, ಉತ್ತರ ಕೊಟ್ಟವರ ಜೊತೆ ವಾರಗಟ್ಟಲೆ ಮಾತಾಡುವುದೇ ಖರ್ಚು. ಅನುಮಾನದವರು ಮೊದಲೇ ನಕ್ಕು ಅಳಿಸಿಬಿಟ್ಟರೆ ಒಳ್ಳೆಯದು. ಮೊರದಲ್ಲಿ ಜೋಳ ಕೇರಿದ ಹಾಗೆ ಹೊಟ್ಟು ಹಾರಿಹೋಗಿ, ಗಟ್ಟಿ ಕಾಳು ಮಾತ್ರ ಉಳಿಯುತ್ತದೆ. ಇದನ್ನು ಕಾಕಾಗೆ ವಿವರಿಸಿದಾಗ, ತಾನು ಗಟ್ಟಿ ಕಾಳು ಅಂದದ್ದಕ್ಕೆ ಅವರು ಖುಷಿಪಟ್ಟರು.

ಎರಡನೆಯ ಮೇಲ್‌ಗೆ ಕಾಕಾ ಆಧಾರ್ ಕಾರ್ಡು, ಪಾಸ್‌ಬುಕ್ಕಿನ ಫೋಟೋ ಕಳಿಸಿಯಾಗಿತ್ತು. ಅದು ನನಗೆ ಗೊತ್ತಾದದ್ದು ಆಮೇಲೆ. ಶಾಖೆಗೆ ಹೋಗಿ ತಿಳಿಸಿ, ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿದೆವು. ಮೂರನೆಯ ಮೇಲ್‌ನಲ್ಲಿ ಅಸಲಿ ವಿಷಯ ಬಂತು. ಈ ಹಣಕ್ಕೂ ಭಯೋತ್ಪಾದನೆಗೂ ಸಂಬಂಧವಿಲ್ಲ ಎಂಬ ಸರ್ಟಿಫಿಕೇಟು ಬೇಕು, ಅದಕ್ಕೆ 48,500 ರೂಪಾಯಿ. ಲಂಡನ್ ಬ್ಯಾಂಕಿನ ಫೀಯನ್ನು ಹಾಕಬೇಕಾದದ್ದು ಯಾವುದೋ ರಾಜ್ಯದಲ್ಲಿರುವ ಯಾರದೋ ಉಳಿತಾಯ ಖಾತೆಗೆ. ಜೊತೆಗೆ ರಿಸರ್ವ್ ಬ್ಯಾಂಕಿನ ಮುದ್ರೆ ಬೇರೆ. ರಿಸರ್ವ್ ಬ್ಯಾಂಕು ನಮ್ಮಂಥವರ ಖಾತೆ ಇಟ್ಟುಕೊಳ್ಳುವುದೂ ಇಲ್ಲ, ಹೀಗೆ ಮೇಲ್ ಬರೆಯುವುದೂ ಇಲ್ಲ.

ಕಾಕಾ ಚೆಕ್‌ಬುಕ್ ಹುಡುಕುತ್ತಿದ್ದಾಗ ಅವರ ಹೆಂಡತಿ, ನಮ್ಮ ಕಾಕು, ರೊಟ್ಟಿ ಬಡಿಯುತ್ತಲೇ ಕೇಳಿದರು: "ಅಷ್ಟ್ ಕೋಟಿ ಕೊಡಾಂವ ಅದರಾಗ ಈ ನಲ್ವತ್ತೆಂಟು ಸಾವ್ರ ಮುರ್ಕೊಂಡು ಉಳಿದದ್ದು ಕಳಸಾಕ ಏನ್ ಧಾಡಿ?"

ಕಾಕಾ ಹಾಗೇ ಬರೆದರು. ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಉತ್ತರ ಬಂತು. ತಮಾಷೆ ಅಂದರೆ ಅಲ್ಲಿನ ಕಾನೂನು ಸಾಮಾನ್ಯವಾಗಿ ಕಾಕು ಹೇಳಿದಂತೆಯೇ ಇದೆ. ಬ್ರಿಟನ್ನಿನಲ್ಲಿ ವಾರಸಾ ತೆರಿಗೆ ಇದೆ, ಆದರೆ ಅದನ್ನು ಸತ್ತವರ ಆಸ್ತಿಯಿಂದಲೇ ಕಟ್ಟಿ ಉಳಿದದ್ದನ್ನು ಹಂಚುತ್ತಾರೆ. ಸಂಬಂಧಿಕರೇ ಇಲ್ಲದಿದ್ದರೆ ಆಸ್ತಿ ಅಲ್ಲಿನ ರಾಜಮನೆತನದ ಹೆಸರಿನಲ್ಲಿ ಸರ್ಕಾರಕ್ಕೆ ಸೇರುತ್ತದೆ. ಅಡ್ಡಹೆಸರು ನೋಡಿ ನವನಗರಕ್ಕೆ ಬರುವುದಿಲ್ಲ.

ಕಾಕು ಅಷ್ಟಕ್ಕೇ ಬಿಡಲಿಲ್ಲ. "ಮುಳುಗಡಿ ರೊಕ್ಕ ತಗೊಳ್ಳಾಕ ಎಷ್ಟ್ ವರ್ಷ ಓಡ್ಯಾಡಿದ್ರಿ? ಆಲಮಟ್ಟಿ ನೀರು ಪಡಸಾಲಿಗೆ ಬಂದಿತ್ತು. ಆದ್ರೂ ಮನಿ ನಿಮ್ದ ಅನ್ನಾಕ ಕಾಗದ ತರ್ರಿ ಅಂದ್ರು. ಉತಾರ ಕೇಳಿದ್ರು, ವಂಶಾವಳಿ ಕೇಳಿದ್ರು. ಇಂವ ಒಂದ್ ಕಾಗದನೂ ನೋಡದ ಕೊಡ್ತಾನಂತ!"

ಹಳೇ ಬಾಗಲಕೋಟೆಯಲ್ಲಿ ಮನೆ ಕಳೆದುಕೊಂಡ ಯಾರೂ ಈ ಮಾತಿಗೆ ಎದುರಾಡುವುದಿಲ್ಲ. ಕಾಕಾ ಚೆಕ್‌ಬುಕ್ ಕಪಾಟಿನಲ್ಲಿಟ್ಟರು. ಹಣ ಕಳಿಸಿಬಿಟ್ಟಿದ್ದರೆ ಆ ಗಳಿಗೆಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು. ತಡಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಜಿಗಿಯುತ್ತದೆ.

ನಿಜವಾಗಿಯೂ ವಾರಸುದಾರರನ್ನು ಕಾಯುವ ದುಡ್ಡು ನಮ್ಮ ದೇಶದಲ್ಲೇ ಬೇಕಾದಷ್ಟಿದೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹುಡುಕಲು 2023ರಲ್ಲಿ ಉದ್ಗಮ್ ಎಂಬ ಪೋರ್ಟಲ್ ಮಾಡಿದ್ದಾರೆ. ಆಮೇಲೆ ಮರಣ ಪ್ರಮಾಣಪತ್ರ ಹಿಡಿದುಕೊಂಡು ಶಾಖೆಗೆ ನಾವೇ ಅಲೆಯಬೇಕು. ಇದನ್ನು ಹೇಳಿದ ಮೇಲೆ ಕಾಕಾ ಮುಂಬೈ ಅಜ್ಜನನ್ನು ಅಲ್ಲೂ ಹುಡುಕಿಸಿದರು. ಸಿಗಲಿಲ್ಲ. ಓಡಿಹೋದವನು ಠೇವಣಿ ಯಾಕಿಡುತ್ತಾನೆ?

ಈಚೆಗೆ ಇನ್ನೊಂದು ಮೇಲ್ ಬಂದಿದೆ. ವಿಶ್ವಸಂಸ್ಥೆಯದಂತೆ. ಇಂಥ ಮೋಸಕ್ಕೆ ಒಳಗಾದವರಿಗೆ ಐವತ್ತು ಲಕ್ಷ ಡಾಲರ್ ಪರಿಹಾರ, ಸಣ್ಣದೊಂದು ಫೀ ಕಟ್ಟಬೇಕು. ಒಮ್ಮೆ ಉತ್ತರ ಕೊಟ್ಟವರ ವಿಳಾಸ ಹೀಗೆ ಕೈಯಿಂದ ಕೈಗೆ ಮಾರಾಟವಾಗುತ್ತದೆ. ಈ ಸಲ ಕಾಕಾ ಹುಷಾರಾಗಿದ್ದರು. ಜಮಖಂಡಿಗೆ ತಾವೇ ಫೋನ್ ಮಾಡಿದರು.

"ತಂಗೀ, ಪರಿಹಾರದ ಮೇಲ್ ನಿನಗೂ ಬಂದೈತೇನು? ಅದು ಮೋಸ, ಮುಟ್ಟಬ್ಯಾಡ."

ಅತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಬಂದೈತಿ. ಆದ್ರ ಅಣ್ಣಾ, ಇದು ನನ್ನ ಮೇಲ್‌ಗೆ ಬಂದೈತಿ. ಸ್ವಯಾರ್ಜಿತ."