ಗಿಡ ಒಣಗಲಿ ಅಂತ ಹರಸಿ

ಜೂನ್ 5ರ ಪರಿಸರ ದಿನ ಬಂತೆಂದರೆ ತುಮಕೂರು ಜಿಲ್ಲೆಯ ಖಾಲಿ ಜಾಗಗಳಿಗೆ ನಡುಕ ಶುರು. ಎಲ್ಲಿ ಮರ ಇಲ್ಲವೋ ಅಲ್ಲಿಗೊಂದು ಬಸ್ಸು ಬಂದು ನಿಲ್ಲುತ್ತದೆ. ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಹುಡುಗ ಹುಡುಗಿಯರು ಇಳಿಯುತ್ತಾರೆ. ಮೊದಲ ಕೆಲಸ ಫ್ಲೆಕ್ಸ್ ಕಟ್ಟುವುದು. ಫ್ಲೆಕ್ಸ್ ಬೇಡ ಅಂತ 2016ರಲ್ಲೇ ಸರ್ಕಾರ ಆದೇಶ ಮಾಡಿದೆ, ನಿಜ. ಆದರೆ ನಿನ್ನನ್ನು ಉಳಿಸುತ್ತಿರುವವರು ಯಾರು ಅಂತ ಭೂಮಿಗೆ ಗೊತ್ತಾಗಬೇಡವಾ?

ಇಂಥದ್ದೊಂದು ತಂಡ ಮಧುಗಿರಿ ಕಡೆಗೆ ಹೊರಟಿತು ಅಂದುಕೊಳ್ಳಿ. ಅಲ್ಲಿ ಮೈದನಹಳ್ಳಿ ಇದೆ. ಸುಮಾರು 800 ಎಕರೆ ಬಯಲು. 2007ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಆದರೆ ಜಿಂಕೆಗಳು ಪಹಣಿ ನೋಡಿ ಮೇಯುವುದಿಲ್ಲವಲ್ಲ. ಸುತ್ತಲಿನ ಹೊಲ, ಬೀಳು, ಗೋಮಾಳಕ್ಕೂ ಬರುತ್ತವೆ. ನಮ್ಮ ತಂಡ ಇಳಿದದ್ದು ಅಂಥ ಒಂದು ಗೋಮಾಳದಲ್ಲಿ. ಹವಾಮಾನ ಬದಲಾವಣೆಯನ್ನು ಊಟದ ಹೊತ್ತಿಗೆ ಮುಗಿಸಿಬಿಡೋಣ ಅಂತ ಗುಂಡಿ ತೋಡಲು ಶುರು ಮಾಡಿದರು.

ಕುರಿ ಮೇಯಿಸುತ್ತಿದ್ದ ತಾತ ಹತ್ತಿರ ಬಂದ.

"ಯಾಕ್ರಪ್ಪಾ ಮಕ್ಳಾ, ಗುಂಡಿ ತೋಡ್ತಿದೀರಾ?"

"ಗಿಡ ನೆಡ್ತಿದೀವಿ ತಾತ. ಇಲ್ಲಿ ಏನೂ ಇಲ್ವಲ್ಲ."

"ಏನೂ ಇಲ್ದೇ ಏನು, ಹುಲ್ಲೈತಲ್ಲಪ್ಪಾ."

"ಹುಲ್ಲಲ್ಲ ತಾತ, ಮರ. ಪಾಪ, ಜಿಂಕೆಗೆ ನೆರಳು ಬೇಡ್ವಾ?"

"ಜಿಂಕೆ ಬಯಲಿನ ಪ್ರಾಣಿ ಕಣಪ್ಪಾ. ದೂರದಿಂದ್ಲೇ ತೋಳ ಕಂಡ್ರೆ ಓಡ್ತದೆ. ನೀನು ಸಾಲಾಗಿ ಮರ ಬೆಳೆಸಿ ಅದರ ಮರೇಲಿ ತೋಳ ಕುಂತ್ಕಂಡ್ರೆ, ಯಾವ ಕಡೆ ಓಡಬೇಕು ಅದು?"

ಮಾತು ಬಹಳ ಚೆನ್ನಾಗಿತ್ತು. ಒಬ್ಬಳು ಫೋನ್ ಹಿಡಿದು, "ತಾತ, ಇನ್ನೊಂದ್ಸಲ ಹೇಳಿ, ಟವೆಲ್ ತಲೆಗೆ ಸುತ್ಕೊಳ್ಳಿ" ಅಂದಳು. ತಾತ ಹೇಳಿದ. 'ಹಳ್ಳಿಯ ಜ್ಞಾನ' ಅಂತ ರೀಲ್ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿ ಮತ್ತೆ ಗುಂಡಿ ತೋಡಲು ಹೋದರು.

ತಪ್ಪು ಹುಡುಗರದ್ದೊಂದೇ ಅಲ್ಲ. ಹುಲ್ಲು, ಕುರುಚಲು ಇರುವ ಜಾಗವನ್ನು ಸರ್ಕಾರದ ನಕ್ಷೆಗಳೇ ಪಾಳುಭೂಮಿಯ ಲೆಕ್ಕಕ್ಕೆ ಸೇರಿಸುತ್ತವೆ. ಕೃಷ್ಣಮೃಗ ತಿನ್ನುವುದು ಪಾಳು, ಮರಿ ಹಾಕುವುದು ಪಾಳಿನಲ್ಲಿ. ಚಳಿಗಾಲಕ್ಕೆ ದೂರದ ದೇಶಗಳಿಂದ ಬರುವ ಸೆಳೆವ (ಹ್ಯಾರಿಯರ್) ಎಂಬ ಬೇಟೆ ಹಕ್ಕಿಗಳು ರಾತ್ರಿ ತಂಗುವುದೂ ಇದೇ ಪಾಳು ನೆಲದ ಮೇಲೆ. ಹುಲ್ಲೂ ಕಾರ್ಬನ್ ಹಿಡಿದಿಡುತ್ತದೆ, ಆದರೆ ಬಹುಪಾಲು ಮಣ್ಣಿನೊಳಗೆ, ಬೇರಿನಲ್ಲಿ. ಅಲ್ಲೇ ಅದು ಸೋತಿದ್ದು. ಬೇರಿನ ಪಕ್ಕ ನಿಂತು ಸೆಲ್ಫಿ ತೆಗೆಯಲು ಆಗುವುದಿಲ್ಲ. ಹಿಂದೆಯೂ ಹೀಗೇ, ಒಳ್ಳೆಯ ಮನಸ್ಸಿನಿಂದಲೇ, ಬಯಲುಸೀಮೆಯ ತುಂಬ ನೀಲಗಿರಿ ನೆಟ್ಟೆವು. 2017ರಲ್ಲಿ ಸರ್ಕಾರವೇ ಇನ್ನು ನೀಲಗಿರಿ ನೆಡಬೇಡಿ ಅಂದಿತು.

ಹಾಗಾದರೆ ಇಷ್ಟು ವರ್ಷ ನಮ್ಮ ಬಯಲುಗಳನ್ನು ಕಾಪಾಡಿದ್ದು ಯಾರು? ಹೇಳಲು ಸಂಕೋಚ. ಗಿಡಕ್ಕೆ ನೀರು ಹಾಕಿಸದೆ ಟ್ಯಾಂಕರ್ ಬಿಲ್ ಮಾತ್ರ ಪಾಸ್ ಮಾಡಿಸಿಕೊಂಡ ಮಹಾನುಭಾವರು. ಜೂನ್‌ನಲ್ಲಿ ನೆಟ್ಟ ಗಿಡ ಶಿವರಾತ್ರಿಗೆ ಕಡ್ಡಿಯಾಗಿ ನಿಂತಿರುತ್ತಿತ್ತು. ಪೇಪರ್‌ನವರು ಬೈದರು, ನಾವೂ ಬೈದೆವು. ಅವರು ಮಾತ್ರ ತುಟಿ ಬಿಚ್ಚದೆ ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಉಳಿಸಿದರು. ಎಷ್ಟೋ ಜಿಂಕೆಗಳು ಇಂಥವರ ಋಣದಲ್ಲಿವೆ. ರಾಜ್ಯೋತ್ಸವ ಪ್ರಶಸ್ತಿಗೆ ಇವರ ಹೆಸರನ್ನು ಯಾಕೆ ಕಳಿಸಬಾರದು?

ಹೆದರಿಕೆ ಇರುವುದು ಪ್ರಾಮಾಣಿಕರ ಬಗ್ಗೆ. ಈ ಹೊಸ ಹುಡುಗರು ದುಡ್ಡು ತಿನ್ನುವವರಲ್ಲ. ಒಬ್ಬೊಬ್ಬರು ಒಂದೊಂದು ಗಿಡ ದತ್ತು ತಗೊಂಡಿದ್ದಾರೆ. ಭಾನುವಾರ ಬಂದು ನೀರು ಹಾಕುತ್ತಾರೆ. ಕುರಿ ನುಗ್ಗಬಾರದು ಅಂತ ಚಂದಾ ಎತ್ತಿ ತಂತಿ ಬೇಲಿ ಹಾಕಿಸಿದ್ದಾರೆ. ಅದರಲ್ಲಿ ಮೊದಲು ಸಿಕ್ಕಿಬಿದ್ದದ್ದು ಒಂದು ಜಿಂಕೆ. ಅದನ್ನು ಬಿಡಿಸಿದ್ದಕ್ಕೂ ಒಂದು ರೀಲ್ ಆಯಿತು, ಬಿಡಿ.

ಯಾರನ್ನಾದರೂ ಕೇಳಬಹುದಿತ್ತು ಅಂತೀರಾ? ಕೇಳುವುದಕ್ಕೂ ಕಾನೂನಿದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿಗೊಂದು ಸಮಿತಿ ಇರಬೇಕು. ಊರಿನವರನ್ನೇ ಕೇಳಿ, ಇಲ್ಲಿ ಯಾವ ಹುಲ್ಲು, ಯಾವ ಹಕ್ಕಿ, ಯಾವ ಪ್ರಾಣಿ ಅಂತ ಪುಸ್ತಕ ಬರೆದಿಡಬೇಕು. 2020ರ ಜನವರಿ 31ರೊಳಗೆ ಮುಗಿಸದಿದ್ದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ ಗದರಿಸಿತು. ಗದರಿಸಿದ ಮೇಲೆ ಪುಸ್ತಕ ಆಗದೇ ಇರುತ್ತದಾ? ಆಗುತ್ತದೆ. ಬೀರುವಿನಲ್ಲಿ ಭದ್ರವಾಗಿಯೂ ಇರುತ್ತದೆ. ಬೀಗದ ಕೈ ಇರುವವರು ಮಾತ್ರ ಮೀಟಿಂಗ್‌ಗೆ ಹೋಗಿರುತ್ತಾರೆ. ತಾತನಿಗೆ ತನ್ನ ಊರಿನ ಹುಲ್ಲಿನ ಹೆಸರು ಗೊತ್ತು, ತನ್ನ ಊರಿಗೊಂದು ಸಮಿತಿ ಇದೆ ಅನ್ನೋದು ಗೊತ್ತಿಲ್ಲ.

ಇದೇ ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿ ಕಗ್ಗಲಡು ಅಂತ ಊರಿದೆ. ಊರ ನಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ, ಬೂದು ಬಕಗಳು ಗೂಡು ಕಟ್ಟುತ್ತವೆ. ಮೇಲಿಂದ ಹಿಕ್ಕೆ ಬೀಳುತ್ತದೆ, ಮೀನಿನ ವಾಸನೆ ಹೊಡೆಯುತ್ತದೆ. ಊರಿನವರು ಸಹಿಸಿಕೊಂಡು ಮರ ಉಳಿಸಿದ್ದಾರೆ. ಟೀ ಶರ್ಟ್ ಇಲ್ಲ, ಘೋಷಣೆ ಇಲ್ಲ. ಬಸ್ಸಿನ ತಂಡಕ್ಕೆ ಈ ಸುದ್ದಿ ಯಾರೋ ಮುಟ್ಟಿಸಿಬಿಟ್ಟರು. ಎಲ್ಲರಿಗೂ ತುಂಬ ಖುಷಿಯಾಯಿತು. ಊರಿನವರಿಗೆ ಪಕ್ಷಿಗಳ ಬಗ್ಗೆ ಅರಿವು ಮೂಡಿಸಬೇಕು ಅಂತ ಅಲ್ಲೇ ತೀರ್ಮಾನವೂ ಆಯಿತು. ಮರಿ ಮಾಡುವ ಕಾಲ ನೋಡಿಕೊಂಡೇ ದಿನ ಗೊತ್ತು ಮಾಡುತ್ತಾರಂತೆ. ಹುಣಸೆ ಮರದ ಕೆಳಗೇ ವೇದಿಕೆ. ತಮಟೆಯವರಿಗೆ ಆಗಲೇ ಅಡ್ವಾನ್ಸ್ ಕೊಟ್ಟಾಗಿದೆ.