ಸತ್ಯಾಂಶ: ನಿಂಬೆ, ಸೋಡಾ, ಕರ್ಪೂರದಿಂದ ನಾಯಿಯ ದುರ್ವಾಸನೆ ಹೋಗುತ್ತದೆಯೇ?

‘ನಿಂಬೆರಸ, ಅಡುಗೆ ಸೋಡಾ, ಕರ್ಪೂರ ಬೆರೆಸಿ ಉಜ್ಜಿದರೆ ನಾಯಿ ನಾರುವುದಿಲ್ಲ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಸರಿಯಲ್ಲ. ಕೆರೆದುಕೊಂಡ ಚರ್ಮಕ್ಕೆ ನಿಂಬೆರಸ ಉರಿ. ಕರ್ಪೂರವಂತೂ ನಾಯಿಗೆ ವಿಷ. ಮೈ ನೆಕ್ಕಿಕೊಂಡು ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು.

ವಾಸನೆ ಎಲ್ಲಿಂದ ಬರುತ್ತಿದೆ ಎಂದು ಮೊದಲು ಮೂಸಿ ನೋಡಿ, ಮುಜುಗರ ಬೇಡ. ಬಾಯಿಯಾದರೆ ಹಲ್ಲು, ಒಸಡಿನ ತೊಂದರೆ ಇರಬಹುದು. ಕೊಳೆತ ಮೀನಿನ ನಾತ ಬಂದು, ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತಿದ್ದರೆ ಗುದದ ಪಕ್ಕದ ಗ್ರಂಥಿಗಳು ತುಂಬಿರಬಹುದು. ಅವನ್ನು ಪಶುವೈದ್ಯರೇ ಹಿಂಡಲಿ. ಕಿವಿಯಲ್ಲಿ ಕಂದು ಗುಗ್ಗೆ, ಹುಳಿ ವಾಸನೆ ಇದ್ದರೆ ಸೋಂಕು. ಇಯರ್ ಬಡ್ ತೂರಿಸಬೇಡಿ, ಕೊಳೆ ಇನ್ನೂ ಒಳಕ್ಕೆ ಹೋಗುತ್ತದೆ.

ಮಳೆಗಾಲದಲ್ಲಿ ಹೆಚ್ಚಾಗಿ ಕಾಡುವುದು ಚರ್ಮದ ಯೀಸ್ಟ್ ಎಂಬ ಶಿಲೀಂಧ್ರ. ಕಂಕುಳು, ಬೆರಳ ಸಂದು, ಕತ್ತಿನ ಮಡಿಕೆ ಜಿಡ್ಡಾಗಿ ಕಪ್ಪಗಾಗುತ್ತವೆ. ವೈದ್ಯರು ಚರ್ಮಕ್ಕೆ ಅಂಟು ಟೇಪ್ ಒತ್ತಿ, ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸುತ್ತಾರೆ. ಸಾಮಾನ್ಯವಾಗಿ ಕೊಡುವುದು ಶೇ 2ರ ಕ್ಲೋರ್‌ಹೆಕ್ಸಿಡಿನ್ (ಸೂಕ್ಷ್ಮಾಣುನಾಶಕ), ಶೇ 2ರ ಮೈಕೊನಜೋಲ್ (ಶಿಲೀಂಧ್ರನಾಶಕ) ಎರಡೂ ಇರುವ ಶಾಂಪೂ, ವಾರಕ್ಕೆ 2 ಸಲ. ನೊರೆ 10 ನಿಮಿಷ ಮೈಮೇಲೇ ಇರಬೇಕು. ಹಲವರು ಎಡವುವುದು ಇಲ್ಲೇ: ಎರಡೇ ನಿಮಿಷಕ್ಕೆ ತೊಳೆದು ‘ಔಷಧಿ ಕೆಲಸ ಮಾಡಲಿಲ್ಲ’ ಎನ್ನುತ್ತಾರೆ. ತೊಳೆದ ಮೇಲೆ ಬೆರಳ ಸಂದನ್ನೂ ಪೂರ್ತಿ ಒಣಗಿಸಿ. ವಾಸನೆ ಮತ್ತೆ ಮತ್ತೆ ಬಂದರೆ ಅಲರ್ಜಿ ಅಥವಾ ಥೈರಾಯ್ಡ್ ಸಮಸ್ಯೆ ಇದೆಯೇ ಎಂದು ಪರೀಕ್ಷೆ ಮಾಡಿಸಿ.