ಮೆಡಿಕಲ್ ಓದಿಗೆ ಪುಟ್ಟ ಲ್ಯಾಪ್‌ಟಾಪ್ ಸಾಕೇ?

ಪರ: ಜೊತೆಗೆ ಬರುವುದೇ ಓದಿಗೆ ಒದಗುವುದು

ವೈದ್ಯಕೀಯ ವಿದ್ಯಾರ್ಥಿ ಇಡೀ ದಿನ ಒಂದೇ ಕಡೆ ಕೂರುವುದಿಲ್ಲ. ಲೆಕ್ಚರ್ ಹಾಲ್, ಡಿಸೆಕ್ಷನ್, ಪ್ರಾಕ್ಟಿಕಲ್, ಲೈಬ್ರರಿ ಎಂದು ಓಡಾಟ ಇದ್ದೇ ಇರುತ್ತದೆ. ನಡುನಡುವೆ ಸಿಗುವ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲೇ ಎಷ್ಟೋ ಓದು ಮುಗಿಯಬೇಕು. ಆಗ ಕೈಗೆ ಸಿಗದೆ ರೂಮಿನಲ್ಲೇ ಉಳಿದ ಲ್ಯಾಪ್‌ಟಾಪ್ ಎಷ್ಟು ದೊಡ್ಡದಾದರೇನು?

13 ಇಂಚಿನ ಹಗುರ ಮಾಡೆಲ್‌ಗಳು 1.2 ಕೆ.ಜಿ. ಆಸುಪಾಸಿನಲ್ಲಿ ತೂಗುತ್ತವೆ. 15.6 ಇಂಚಿನವು ಸಾಮಾನ್ಯವಾಗಿ ಒಂದೂವರೆ ಕೆ.ಜಿ. ದಾಟುತ್ತವೆ, ಚಾರ್ಜರ್ ತೂಕ ಬೇರೆ. ಅಂಗಡಿಯಲ್ಲಿ ಎತ್ತಿ ನೋಡುವಾಗ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ದಪ್ಪ ಅನಾಟಮಿ ಪುಸ್ತಕ, ಬಿಳಿ ಕೋಟು, ನೀರಿನ ಬಾಟಲಿಯ ಜೊತೆಗೆ ಅದನ್ನೂ ಹೊತ್ತು ಮೂರು ಮಹಡಿ ಹತ್ತಿದಾಗ ಹೆಗಲಿಗೆ ಗೊತ್ತಾಗುತ್ತದೆ.

ಇನ್ನು ಈ ಓದಿಗೆ ಬೇಕಾದ ತಾಕತ್ತಾದರೂ ಎಷ್ಟು? ಪಿಡಿಎಫ್, ಲೆಕ್ಚರ್ ವಿಡಿಯೊ, ಪ್ರಶ್ನೆ ಬ್ಯಾಂಕ್, ಪ್ರಶ್ನೋತ್ತರದ ಕಾರ್ಡುಗಳನ್ನು ಮತ್ತೆ ಮತ್ತೆ ತೋರಿಸಿ ನೆನಪು ಗಟ್ಟಿ ಮಾಡಿಸುವ ಆಂಕಿ ಎಂಬ ಆ್ಯಪ್‌ನ ಕಾರ್ಡು. ಯಾವುದಕ್ಕೂ ಗೇಮಿಂಗ್ ಯಂತ್ರ ಬೇಡ. ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳ ಜಾಲವಾದ ಬ್ರೇಕಿಯಲ್ ಪ್ಲೆಕ್ಸಸ್‌ನ ಚಿತ್ರವನ್ನೇ ತೆಗೆದುಕೊಳ್ಳಿ. ಸಿ5ರಿಂದ ಟಿ1ರವರೆಗಿನ ಬೇರುಗಳು, ಟ್ರಂಕ್‌ಗಳು, ಕಾರ್ಡ್‌ಗಳು, ಒಂದೊಂದರ ಹೆಸರಿನ ಮೇಲೂ ಪಟ್ಟಿ ಎಳೆದು ಮುಚ್ಚಿದರೆ ಒಂದೇ ಚಿತ್ರದಿಂದ ಹತ್ತಾರು ಪ್ರಶ್ನೆ ಹುಟ್ಟುತ್ತವೆ. 2023ರಿಂದ ಆಂಕಿಯೊಳಗೇ ಈ ಸೌಲಭ್ಯವಿದೆ. ಪಾಠ ಮುಗಿದ ಕೂಡಲೇ, ನೆನಪು ಹಸಿಯಾಗಿರುವಾಗಲೇ ಕೂತು ಮಾಡುವ ಕೆಲಸ ಇದು.

ದೊಡ್ಡ ಪರದೆ ಬೇಕೆನಿಸಿದರೆ ರೂಮಿನಲ್ಲಿ ಮಾನಿಟರ್ ಜೋಡಿಸಬಹುದು. ಚಿಕ್ಕದನ್ನು ಹೀಗೆ ಹಿಗ್ಗಿಸಬಹುದು, ದೊಡ್ಡದನ್ನು ಕುಗ್ಗಿಸಿ ಚೀಲಕ್ಕೆ ತುಂಬಲಾಗದು.

ವಿರೋಧ: ಆ ಅರ್ಧ ಗಂಟೆ ಈಗ ಮೊಬೈಲಿನದು

ಬಿಡುವಿನ ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪ್ ತೆರೆಯುವವರು ಎಷ್ಟು ಜನ? ಕಾರ್ಡು ತಿರುವಿಹಾಕಲು ಮೊಬೈಲ್ ಸಾಕು, ಅದು ಕೋಟಿನ ಜೇಬಿನಲ್ಲೇ ಇರುತ್ತದೆ. ವಾರ್ಡಿಗೆ ಹೋಗುವ ವರ್ಷಗಳು ಬಂದಮೇಲಂತೂ ರೋಗಿಯ ಹಾಸಿಗೆಯ ಬಳಿ ಲ್ಯಾಪ್‌ಟಾಪ್ ಹಿಡಿದು ನಿಲ್ಲುವವರಿಲ್ಲ. ಲ್ಯಾಪ್‌ಟಾಪಿಗೆ ಉಳಿಯುವುದು ಮೇಜಿನ ಮುಂದಿನ ದೀರ್ಘ ಓದು ಮಾತ್ರ. ಅಲ್ಲಿ ಪರದೆಯೇ ಮುಖ್ಯ.

ಲೆಕ್ಕ ಹಾಕಿ ನೋಡಿ. ಒಂದೇ ಆಕಾರದ 13.3 ಇಂಚಿನ ಪರದೆಗಿಂತ 15.6 ಇಂಚಿನದರ ವಿಸ್ತೀರ್ಣ ಸುಮಾರು ಶೇ. 38ರಷ್ಟು ಹೆಚ್ಚು. ಹಿಸ್ಟಾಲಜಿ, ಅಂದರೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಅಂಗಾಂಶಗಳ ಪಾಠ, ಓದುವಾಗ ಒಂದು ಬದಿಗೆ ಕಿಡ್ನಿಯ ಸ್ಲೈಡು, ಇನ್ನೊಂದು ಬದಿಗೆ ನೋಟ್ಸ್ ಇರಬೇಕು. ಚಿಕ್ಕ ಪರದೆಯಲ್ಲಿ ಪ್ರತಿ ಅರ್ಧಕ್ಕೆ ಸಿಗುವ ಅಗಲ 15 ಸೆಂ.ಮೀ.ಗೂ ಕಡಿಮೆ, ಹೆಚ್ಚುಕಡಿಮೆ ಅಡ್ಡ ಹಿಡಿದ ಮೊಬೈಲಿನಷ್ಟೇ. ಕಿಡ್ನಿಯ ಸಣ್ಣ ನಾಳಗಳಲ್ಲಿ ಪ್ರಾಕ್ಸಿಮಲ್ ಟ್ಯೂಬ್ಯೂಲ್ ಯಾವುದು, ಡಿಸ್ಟಲ್ ಯಾವುದು ಎಂದು ಒಳ ಅಂಚಿನ ಕುಂಚದಂಥ ಬ್ರಷ್ ಬಾರ್ಡರ್ ನೋಡಿ ಗುರುತಿಸಬೇಕು. ಜೂಮ್ ಮಾಡಿದರೆ ಪಕ್ಕದ ಗ್ಲಾಮೆರುಲಸ್ (ರಕ್ತ ಸೋಸುವ ಸೂಕ್ಷ್ಮ ರಕ್ತನಾಳಗಳ ಗೊಂಚಲು) ಪರದೆಯಾಚೆ ಹೋಗುತ್ತದೆ, ಜೂಮ್ ತೆಗೆದರೆ ಬಾರ್ಡರ್ ಕಾಣುವುದಿಲ್ಲ. ಹೀಗೆ ಹಿಂದೆ ಮುಂದೆ ಎಳೆದಾಡುವುದರಲ್ಲೇ ತಾಳ್ಮೆ ಮುಗಿಯುತ್ತದೆ.

ಕುತ್ತಿಗೆಯ ಪಾಡೂ ಇದೆ. ಪರದೆ ಚಿಕ್ಕದಾದಷ್ಟೂ ಮುಂದೆ ಬಾಗುತ್ತೇವೆ. ಸರ್ವೈಕಲ್ ಸ್ಪೈನ್, ಅಂದರೆ ಕುತ್ತಿಗೆಯ ಬೆನ್ನೆಲುಬಿನ ಪಾಠವನ್ನು ಆ ಭಂಗಿಯಲ್ಲೇ ಓದುವವರನ್ನು ನೋಡಿದರೆ ನಗು ಬರುತ್ತದೆ.

ಹಗುರ ಯಂತ್ರಗಳ ಇನ್ನೊಂದು ತೊಂದರೆ ಮೆಮೊರಿಯದು. ಅನೇಕ ತೆಳು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಇಂದು 8 ಜಿಬಿ ಸಾಕೆಂದು ಕೊಂಡರೆ ಕೋರ್ಸ್ ಮುಗಿಯುವವರೆಗೂ ಅಷ್ಟೇ. 3ಡಿ ಅನಾಟಮಿ ಆ್ಯಪ್, ವಿಡಿಯೊ, ಇಪ್ಪತ್ತು ಟ್ಯಾಬ್ ಒಟ್ಟಿಗೆ ತೆರೆದಾಗ ಅದು ಏದುಸಿರು ಬಿಡುತ್ತದೆ. ಫ್ಯಾನ್ ಇಲ್ಲದ ಮಾಡೆಲ್ ಆದರೆ ಬಿಸಿಯಾದಂತೆ ವೇಗವನ್ನೂ ಇಳಿಸಿಕೊಳ್ಳುತ್ತದೆ. ಪರೀಕ್ಷೆಯ ತಂತ್ರಾಂಶ ಎಲ್ಲ ಬಗೆಯ ಯಂತ್ರಗಳಲ್ಲೂ ನಡೆಯುವುದಿಲ್ಲ. ಕೊಳ್ಳುವ ಮೊದಲೇ ಕಾಲೇಜಿನವರನ್ನು ಕೇಳುವುದು ಒಳ್ಳೆಯದು, ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಅಗ್ಗದ ಕ್ರೋಮ್‌ಬುಕ್ ಮೇಲೆ ಕಣ್ಣಿಟ್ಟವರಂತೂ ಕೇಳಲೇಬೇಕು.

ಮಾನಿಟರ್ ಜೋಡಿಸಿದರಾಯಿತು ಎನ್ನುವವರು ಅದರ ಬೆಲೆ ಮತ್ತು ಜಾಗವನ್ನು ಲ್ಯಾಪ್‌ಟಾಪಿನ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಪೋಸ್ಟಿಂಗಿಗೆಂದು ರೂಮು ಬದಲಾದಾಗ ಆ ಮಾನಿಟರನ್ನೂ ಹೊರಬೇಕು, ಅದು 1.2 ಕೆ.ಜಿ.ಯಲ್ಲಿ ಮುಗಿಯುವ ಹೊರೆಯಲ್ಲ.